ಬಾಗಿಲು ಕಳಚದೆ ಬಂದ ಬಡಗಿ

ಫೆಬ್ರವರಿ ೧೧, ಮಂಗಳವಾರ

ಆ ಬಡಗಿಯನ್ನು ವಾರ್ಡಿಗೆ ಸೇರಿಸಿಕೊಳ್ಳದೆ ಮನೆಗೆ ಕಳಿಸಿದ್ದು ಸರಿಯೋ ತಪ್ಪೋ ಎಂದು ಸಂಜೆಯವರೆಗೂ ತಲೆ ಕೊರೆಯುತ್ತಿತ್ತು.

ನಾಲ್ಕು ವರ್ಷದ ಹಿಂದೆ ಅಣ್ಣನೂ ನೆರೆಯವರೂ ಅವನ ಕೈ ಕಟ್ಟಿ ಮನೋರೋಗ ವಿಭಾಗಕ್ಕೆ, ನನ್ನ ಬಳಿ ತಂದಿದ್ದರು. ಒಂಬತ್ತು ದಿನ ನಿದ್ದೆಯಿಲ್ಲದೆ, ಉನ್ಮಾದದ ಹುಮ್ಮಸ್ಸಿನಲ್ಲಿ, ಇನ್ನೂ ಚೆಂದ ಮಾಡುತ್ತೇನೆಂದು ಮನೆಯ ಬಾಗಿಲನ್ನೆಲ್ಲ ಕಳಚಿಹಾಕಿದ್ದ. ಆಮೇಲೆ ಖಿನ್ನತೆಗೆ ಬಿದ್ದು ಆರು ತಿಂಗಳು ಹಾಸಿಗೆ ಬಿಟ್ಟೇಳಲಿಲ್ಲ. ಇವತ್ತು ಒಬ್ಬನೇ ಬಂದು ಸಾಲಿನಲ್ಲಿ ಕೂತಿದ್ದ.

“ಮೂರು ದಿನದಿಂದ ಎರಡೇ ಗಂಟೆ ನಿದ್ದೆ ಮೇಡಂ. ಸುಸ್ತೇ ಇಲ್ಲ, ಖುಷಿಯೋ ಖುಷಿ. ಬೆಳಿಗ್ಗೆ ಅಡುಗೆಮನೆ ಬಾಗಿಲು ಕಳಚೋಣ ಅಂತ ಸ್ಕ್ರೂಡ್ರೈವರ್ ಎತ್ಕೊಂಡೆ. ಆಮೇಲೆ ಅದನ್ನ ಅಣ್ಣನ ಕೈಗೆ ಕೊಟ್ಟು ಬಸ್ ಹತ್ತಿದೆ.”

“ಮಾತ್ರೆ ಬಿಟ್ಟಿದ್ರಾ?”

“ಹೋದ ವಾರ ಎರಡು ದಿನ ಮರೆತೆ. ಸುಳ್ಳು ಹೇಳಲ್ಲ.”

ರಕ್ತ ಪರೀಕ್ಷೆ ಮಾಡಿಸಿ, ನಿದ್ದೆಗೊಂದು ಮಾತ್ರೆ ಸೇರಿಸಿ, ಅಣ್ಣನ ಹತ್ತಿರ ಫೋನಿನಲ್ಲಿ ಮಾತಾಡಿ, ನಾಳೆಯೇ ಮತ್ತೆ ಬರಲು ಹೇಳಿದೆ. ಎಂಟು ಗಂಟೆಗೆ ಅಣ್ಣ ಫೋನ್ ಮಾಡಿದ: “ಮಲಗಿದಾನೆ ಮೇಡಂ. ಗೊರಕೆ ಬೀದಿಗೆ ಕೇಳಿಸ್ತಿದೆ.”

ನಮ್ಮ ಯಜಮಾನರಿಗೆ ಇದನ್ನು ಹೇಳಿದರೆ, “ಹುಷಾರಿಲ್ಲ ಅಂದ್ರೆ ಡಾಕ್ಟ್ರ ಹತ್ರ ಬರದೆ ಇನ್ನೆಲ್ಲಿಗೆ ಹೋಗ್ತಾರೆ?” ಎಂದರು. ಈ ಕಾಯಿಲೆ ಮೊದಲು ಕಿತ್ತುಕೊಳ್ಳುವುದೇ ತನಗೆ ಕಾಯಿಲೆಯಿದೆ ಎಂಬ ಅರಿವನ್ನು. ಖುಷಿ ಉಕ್ಕುತ್ತಿರುವಾಗ ಆ ಖುಷಿಯನ್ನೇ ಅನುಮಾನಿಸಿ ಆಸ್ಪತ್ರೆಗೆ ಬರಲು ಎಂಥ ಗುಂಡಿಗೆ ಬೇಕು. ತನ್ನ ಮನಸ್ಸಿನ ಏರುಪೇರಿನ ಗುರುತು ಹಿಡಿಯುವುದನ್ನು ನಾಲ್ಕು ವರ್ಷ ಕೂತು ಅವನಿಗೆ ಕಲಿಸಿದವಳು ನಾನು. ಯಾರ ಮುಂದೆಯೂ ಆಡಲಾಗದ ಮಾತು, ಇಲ್ಲಾದರೂ ಬರೆದುಕೊಳ್ಳುತ್ತೇನೆ: ಇವತ್ತು ನನ್ನ ಬಗ್ಗೆ ನನಗೆ ಹೆಮ್ಮೆಯಿದೆ. ಇನ್ನು ಅವನ ಬಗ್ಗೆಯಂತೂ…