ನಿನ್ನ ಸೀಲು ಸರಿಯಾಗಿತ್ತು

ಮನೆ, ಮುಂದಿನ ಕೋಣೆ
ಭಾನುವಾರ, ಮಾರ್ಚ್ ೧೪, ಬೆಳಿಗ್ಗೆ

ಪ್ರೀತಿಯ ಪುಟ್ಟಿಗೆ ಅಪ್ಪನ ಆಶೀರ್ವಾದ.

ಹೇಗಿದ್ದೀಯಮ್ಮ? ಕೆಮ್ಮು ಪೂರ್ತಿ ಹೋಯಿತೇ? ಚಿಕ್ಕಮ್ಮ ಫೋನಿನಲ್ಲಿ ನಿನ್ನ ಅಮ್ಮನಿಗೆ ಹೇಳುವುದನ್ನೆಲ್ಲ ನಾನು ಪಕ್ಕದ ಕೋಣೆಯಿಂದ ಕಿವಿಗೊಟ್ಟು ಕೇಳುತ್ತೇನೆ. ನೀನು ಸೇರಿರುವ ಹೊಲಿಗೆ ಯಂತ್ರ ರಿಪೇರಿ ಅಂಗಡಿಗೆ ಬರುವವರು ಈಗ ಮಾಲೀಕನನ್ನು ಬಿಟ್ಟು ನಿನ್ನನ್ನೇ ಕೇಳುತ್ತಾರಂತೆ. ಅಮ್ಮನ ಮಂಡಿನೋವು ಕಡಿಮೆಯಾಗಿದೆ. ನನ್ನ ಸಕ್ಕರೆ ಹತೋಟಿಯಲ್ಲಿದೆ. ಅವಳು ನನ್ನ ಜೊತೆ ಬೇಕಾದಷ್ಟೇ ಮಾತಾಡುತ್ತಾಳೆ: ಊಟ, ಮಾತ್ರೆ, ಬಾಗಿಲ ಚಿಲಕ. ನೀನು ಹೋದ ಹನ್ನೊಂದು ತಿಂಗಳಿಂದ ಹೀಗೇ. ನೀನು ನನ್ನ ಫೋನು ಎತ್ತುವುದಿಲ್ಲವೆಂದು ನಾನು ದೂರುವುದಿಲ್ಲ. ಎತ್ತಿದ್ದರೂ ಊಟವಾಯಿತೇ ಎಂದು ಕೇಳಿ ಇಟ್ಟುಬಿಡುತ್ತಿದ್ದೆ. “ಪತ್ರ ಬರೀರಿ, ಫೋನಿನಲ್ಲಾದರೆ ನೀವು ಮಾತು ಹಾರಿಸ್ತೀರಿ” ಎಂದು ಅಮ್ಮನೇ ನಿನ್ನೆ ಕಾಗದ ತಂದು ಮುಂದಿಟ್ಟಳು.

ನಮ್ಮ ಗೋದಾಮಿನ ನಾಲ್ಕನೇ ನಂಬರಿನ ಫೋರ್ಕ್‌ಲಿಫ್ಟಿನ ವಿಷಯ ಬರೆಯಬೇಕು. ಆಮೇಲೆ ನಡೆದದ್ದೆಲ್ಲ ನಿನಗೆ ಗೊತ್ತು. ಆದರೂ ಮೊದಲಿನಿಂದ ಬರೆಯುತ್ತೇನೆ, ಏಕೆಂದರೆ ನಾನು ಅದನ್ನು ಇದುವರೆಗೆ ಒಮ್ಮೆಯೂ ನೆಟ್ಟಗೆ ಹೇಳಿಲ್ಲ. ಅದರ ಎತ್ತುವ ಸಿಲಿಂಡರಿಗೆ, ಆಯಿಲ್ ಸೋರದಂತೆ ತಡೆಯುವ ಹೊಸ ಸೀಲನ್ನು ನೀನು ಹಾಕಿದೆ. ಒಂಬತ್ತು ದಿನಕ್ಕೆ ನಮ್ಮ ಡ್ರೈವರು ಮೌನಿ (ಬಾಯಿಗೆ ಬೀಗವಿಲ್ಲದ ಆ ಮನುಷ್ಯನಿಗೆ ಈ ಹೆಸರಿಟ್ಟವರು ಯಾರೋ ಕಾಣೆ) ಹೊರೆಯನ್ನು ಮೊಣಕಾಲೆತ್ತರಕ್ಕೆ ಎತ್ತಿ ನಿಲ್ಲಿಸಿ, ಗಾಡಿಯಿಂದ ಇಳಿದು, ಸರಿದಿದ್ದ ಹಲಗೆಯನ್ನು ಕಾಲಿನಿಂದ ಒಳಕ್ಕೆ ತಳ್ಳಲು ಹೋದ. ಫೋರ್ಕು ತಾನೇ ಇಳಿಯಿತು. ಕಾಲಿನ ಎರಡು ಬೆರಳು ಹೋದವು. ಮ್ಯಾನೇಜರು ವರದಿ ಬರೆಸಿದರು: ಹೊಸ ಸೀಲನ್ನು ಸರಿಯಾಗಿ ಕೂರಿಸಿರಲಿಲ್ಲ. ಹಿರಿಯ ಮೆಕ್ಯಾನಿಕ್ ಎಂದು ನನ್ನ ರುಜು ಕೇಳಿದರು. ಗಾಡಿಯನ್ನು ಬಿಚ್ಚಿ ನೋಡದೆಯೇ ಹಾಕಿದೆ. ಸಾಲದ್ದಕ್ಕೆ ಲೋಡಿಂಗ್ ಕಟ್ಟೆಯ ಮೇಲೆ ಎಲ್ಲರೆದುರು, “ಅವಳ ಕೈ ಇನ್ನೂ ಪಳಗಿಲ್ಲ” ಎಂದೆ. ನೀನು ಸ್ಪ್ಯಾನರುಗಳನ್ನು ಒರೆಸಿ, ಅಳತೆಯ ಪ್ರಕಾರ ಜೋಡಿಸಿಟ್ಟು ಹೊರಟುಹೋದೆ.

ಅಂದಿನಿಂದ ಆ ಗಾಡಿ ಮೂಲೆಯಲ್ಲಿ ಟಾರ್ಪಾಲು ಹೊದ್ದು ನಿಂತಿತ್ತು. ಹತ್ತಲು ಡ್ರೈವರುಗಳು ಒಪ್ಪುತ್ತಿರಲಿಲ್ಲ. ಹೋದ ವಾರ ಬೇರೊಂದು ಗಾಡಿ ಕೆಟ್ಟದ್ದರಿಂದ, ಇದನ್ನು ಎಬ್ಬಿಸಿ ಎಂದರು ಮ್ಯಾನೇಜರು. ಬುಧವಾರ ಬೆಳಿಗ್ಗೆ ಟಾರ್ಪಾಲು ತೆಗೆದೆ. ನೀನು ಹೇಗೆ ನೋಡುತ್ತಿದ್ದೆಯೋ ಹಾಗೆಯೇ ನೋಡೋಣ, ಮೊದಲೇ ತೀರ್ಪು ಕೊಟ್ಟು ಆಮೇಲೆ ಸಾಕ್ಷಿ ಹುಡುಕುವುದು ಬೇಡ ಎಂದುಕೊಂಡೆ. ಬ್ಯಾಟರಿ ಚಾರ್ಜ್ ಮಾಡಿ, ಹೊರೆ ಎತ್ತುವಾಗ ವೋಲ್ಟೇಜ್ ಅಳೆದೆ, ಕುಸಿಯಲಿಲ್ಲ. ಫೋರ್ಕು ನೆಲಕ್ಕೆ ಇಳಿಸಿ ಆಯಿಲ್ ನೋಡಿದೆ; ಮಟ್ಟ ಸರಿ, ನೊರೆಯಿಲ್ಲ. ಪಂಪಿನ ಸದ್ದು ಒಂದೇ ಸಮ. ಚೈನುಗಳ ಬಿಗಿತವೂ ಎರಡೂ ಕಡೆ ಸಮ. ಆಮೇಲೆ ಸುತ್ತ ಹಗ್ಗ ಕಟ್ಟಿ, ಯಾರೂ ಹತ್ತಿರ ಬಾರದಂತೆ ಮಾಡಿ, ಒಂದು ಟನ್ನಿನ ಹೊರೆಯನ್ನು ಸೊಂಟದೆತ್ತರಕ್ಕೆ ಎತ್ತಿ, ಗಾಡಿಯ ಕಂಬದ ಮೇಲೆ ಸೀಮೆಸುಣ್ಣದ ಗೆರೆ ಹಾಕಿ, ಗಡಿಯಾರ ಹಿಡಿದು ದೂರ ಕೂತೆ. ಹತ್ತು ನಿಮಿಷಕ್ಕೆ ನಾಲ್ಕು ಬೆರಳಿನಷ್ಟು ಇಳಿಯಿತು. ಹೊರಗೆ ಒಂದು ಹನಿ ಸೋರಿಕೆಯಿಲ್ಲ.

ಎತ್ತಿದ ಹೊರೆ ತಾನೇ ಇಳಿದರೆ ಆಯಿಲ್ ಎಲ್ಲೋ ಕಳ್ಳದಾರಿ ಹಿಡಿದಿದೆ ಎಂದೇ ಅರ್ಥ. ಒಂದೋ ಸಿಲಿಂಡರಿನ ಸೀಲನ್ನು ದಾಟಿ ಹೋಗಬೇಕು, ಇಲ್ಲವೇ ವಾಲ್ವಿನೊಳಗಿಂದ ಟ್ಯಾಂಕಿಗೆ ಮರಳಬೇಕು. ಸೀಲು ದಾಟಿದ ಆಯಿಲ್ ಸಿಲಿಂಡರಿನ ನೆತ್ತಿಯ ಸಣ್ಣ ಪೈಪಿನಿಂದ ಹೊರಗೆ ಬರಲೇಬೇಕು. ಆ ಪೈಪು ಬಿಚ್ಚಿ, ತುದಿಯನ್ನು ಒಂದು ಖಾಲಿ ನೀರಿನ ಬಾಟಲಿಗೆ ಇಳಿಸಿ, ಮತ್ತೆ ಹೊರೆ ಎತ್ತಿದೆ. ಪುಟ್ಟಿ, ಮೂವತ್ತನಾಲ್ಕು ವರ್ಷದಲ್ಲಿ ಯಾವ ಯಂತ್ರದ ಮುಂದೆಯೂ ನಾನು ಹಾಗೆ ಕೂತವನಲ್ಲ. ಬಾಟಲಿಯ ತಳಕ್ಕೆ ಆಯಿಲ್ ಬೀಳಲಿ ಎಂದು ಮನಸ್ಸು ಬಯಸುತ್ತಿತ್ತು. ಬಿದ್ದರೆ ನನ್ನ ರುಜು ಸರಿಯಾಗುತ್ತಿತ್ತಲ್ಲ. ಸ್ವಂತ ಮಗಳ ಕೆಲಸ ಕೆಟ್ಟಿರಲಿ ಎಂದು ಹಾರೈಸಿದ ಅಪ್ಪ ನಾನು. ಅರ್ಧ ಗಂಟೆ ಕಾದೆ. ಹೊರೆ ಇಳಿಯುತ್ತಲೇ ಇತ್ತು, ಬಾಟಲಿ ಮಾತ್ರ ಒಣಗಿದ್ದು ಒಣಗಿದಂತೆಯೇ ಇತ್ತು. ನಿನ್ನ ಸೀಲು ಸರಿಯಾಗಿತ್ತು.

ಹೊರೆ ಇಳಿಸಿ, ಕಂಬಕ್ಕೆ ಸರಪಳಿ ಕಟ್ಟಿ, ಬ್ಯಾಟರಿ ತಪ್ಪಿಸಿ, ಒಳಗಿನ ಒತ್ತಡ ಬಿಟ್ಟು, ವಾಲ್ವ್ ಬಿಚ್ಚಿದೆ. ಇಳಿಸುವ ವಾಲ್ವು ಕೂರುವ ಜಾಗದಲ್ಲಿ ಉಗುರಿನ ಚೂರಿನಷ್ಟು ಬಿಳಿ ಟೇಪು ಸಿಕ್ಕಿಕೊಂಡಿತ್ತು. ನಲ್ಲಿಗೆ ಸುತ್ತುತ್ತಾರಲ್ಲ, ಅದೇ. ಅದು ಸರಿದಾಡಿದರೆ ಹೊರೆ ಒಮ್ಮೆಲೇ ಕುಸಿಯುತ್ತದೆ, ಕಚ್ಚಿಕೊಂಡರೆ ಮೆಲ್ಲಗೆ ಇಳಿಯುತ್ತದೆ. ನೀನು ಸೀಲು ಹಾಕಿದ ವಾರವೇ ಆ ವಾಲ್ವಿನ ಹಿಂದಿನ ಪೈಪು ಬದಲಿಸಿದವನು ನಾನು. “ಅಪ್ಪ, ಆಯಿಲ್ ಪೈಪಿಗೆ ಟೇಪ್ ಸುತ್ತಬೇಡ, ಚೂರು ಒಳಗೆ ಹೋಗುತ್ತೆ” ಎಂದು ನೀನು ಹೇಳಿದ್ದೆ. “ನೀನು ಹುಟ್ಟೋಕೆ ಮುಂಚಿನಿಂದ ಸುತ್ತುತ್ತಾ ಇದೀನಿ” ಎಂದು ನಾನು ನಕ್ಕಿದ್ದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎನ್ನುವುದು ಬರೀ ಗಾದೆಯಲ್ಲ ತಾಯಿ. ಇಲ್ಲಿ ಬರೆ ಹಾಕಿದವನೇ ಜ್ವರದ ಎತ್ತು.

ಮೊದಲು ಮೌನಿಯ ಹತ್ತಿರ ಹೋದೆ. ಈಗ ಅವನಿಗೆ ಗೇಟಿನಲ್ಲಿ ಲಾರಿಗಳ ನಂಬರು ಬರೆಯುವ ಕೆಲಸ. ಟೇಪಿನ ಚೂರನ್ನು ಕಾಗದದಲ್ಲಿ ಸುತ್ತಿ ಒಯ್ದು, ಅವನ ಮೇಜಿನ ಮೇಲೆ ಬಿಚ್ಚಿ, ಎಲ್ಲ ಹೇಳಿದೆ. ಅವನು ಚೂರನ್ನು ಬೆಳಕಿಗೆ ಹಿಡಿದು ನೋಡಿದ. ಒಂದು ಲಾರಿ ಬಂತು, ನಂಬರು ಬರೆದುಕೊಂಡ, ಅದು ಹೋಯಿತು. ಆಮೇಲೆ ಕೇಳಿದ: “ಹುಡುಗಿಗೆ ಹೇಳಿದ್ರಾ ಮೇಸ್ತ್ರಿ?”

“ಇಲ್ಲ. ಮೊದಲು ನಿನ್ನ ಹತ್ತಿರವೇ ಬಂದೆ.”

“ನನಗೆ ಇವತ್ತು ಹೇಳಿದರೂ ಒಂದೇ, ನಾಳೆ ಹೇಳಿದರೂ ಒಂದೇ. ಹೋದ ಬೆರಳು ವಾಪಸ್ ಬರಲ್ಲ. ಅವಳಿಗೆ ಹೇಳಿ. ಆಸ್ಪತ್ರೆಗೆ ಬಂದು, ತಪ್ಪಾಯ್ತು ಅಂತ ನನ್ನ ಕಾಲು ಮುಟ್ಟಿದಳು. ಮಾಡದ ತಪ್ಪಿಗೆ.”

ನೀನು ಆಸ್ಪತ್ರೆಗೆ ಹೋಗಿದ್ದು ನನಗೆ ಗೊತ್ತಿರಲಿಲ್ಲ. ನಾನು ಹೋಗಿದ್ದೆ, ಹಣ್ಣು ಕೊಟ್ಟು ಬಂದಿದ್ದೆ. ಅವನು ನನ್ನನ್ನು ಕ್ಷಮಿಸಿದನೋ ಇಲ್ಲವೋ ತಿಳಿಯದು; ಕೇಳುವ ಧೈರ್ಯ ಬರಲಿಲ್ಲ, ಅವನಾಗಿ ಹೇಳಲೂ ಇಲ್ಲ. ನಾನು ಏಳುವಾಗ ಆ ಕಾಗದವನ್ನು ಮಡಿಸಿ ನನ್ನ ಕೈಗೇ ಕೊಟ್ಟ.

ಆಮೇಲೆ ಮ್ಯಾನೇಜರಿಗೆ ಹೇಳಿದೆ; ಅವರು ಬಾಗಿಲು ಹಾಕಿಕೊಂಡು ಕೇಳಿದರು. “ಹಳೇ ಕಥೆ ಯಾಕೆ ಕೆದಕ್ತೀರಿ? ನಿಮ್ಮ ನಿವೃತ್ತಿಗೆ ಐದು ತಿಂಗಳಿದೆ. ವಾಲ್ವ್ ಬದಲಿಸಿ, ಗಾಡಿ ಓಡಲಿ” ಎಂದರು. ಕೆಟ್ಟ ಮನುಷ್ಯನಲ್ಲ, ನನ್ನ ಒಳ್ಳೆಯದಕ್ಕೇ ಹೇಳಿದ್ದು. ಒಂದು ಕ್ಷಣ ನನಗೂ ಅದೇ ಸರಿ ಎನಿಸಿತು; ಸುಳ್ಳು ಬರೆಯಲಾರೆ. ಸಂಜೆ ಮನೆಗೆ ಬಂದು ಅಮ್ಮನಿಗೆ ಹೇಳಿದೆ. ಅವಳು ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಎಲ್ಲ ಕೇಳಿ, “ಅವಳು ಹೋದ ದಿನ ನನಗೊಂದು ಮಾತು ಹೇಳಿದ್ದಳು” ಎಂದಳು. “ಸೀಲು ನಾನು ಸರಿಯಾಗೇ ಹಾಕಿದ್ದೆ ಅಮ್ಮ, ಆದರೆ ಅಪ್ಪ ಹೇಳಿದ ಮೇಲೆ ನನಗೇ ನಂಬಿಕೆ ಹೋಗಿದೆ, ಅಂತ.” ಪುಟ್ಟಿ, ಕೆಲಸಗಾರನಿಗೆ ಇರುವ ಆಸ್ತಿ ಕೈಯ ಮೇಲಿನ ನಂಬಿಕೆಯೊಂದೇ. ಅದನ್ನು ನಿನಗೆ ಕೊಟ್ಟವನು ನಾನೇ ಎಂದು ಬೀಗುತ್ತಿದ್ದೆ, ಕಸಿದುಕೊಂಡವನೂ ನಾನೇ.

ಆರೋಗ್ಯ ನೋಡಿಕೋ. ಚಿಕ್ಕಮ್ಮನಿಗೆ ನನ್ನ ನಮಸ್ಕಾರ ತಿಳಿಸು. ಅಮ್ಮ ಪಕ್ಕದಲ್ಲೇ ನಿಂತು, ಸಾಕು, ಅಂಚೆ ಡಬ್ಬಿಗೆ ಹಾಕಿ ಬನ್ನಿ ಎನ್ನುತ್ತಿದ್ದಾಳೆ. ನಿನಗೆ ಎಲ್ಲಿದ್ದರೂ ಒಳ್ಳೆಯದಾಗಲಿ.

ಇಂತಿ,
ನಿನ್ನ ಅಪ್ಪ

ಮರೆತ ಮಾತು: ಮರೆತದ್ದಲ್ಲ, ಕೈ ಬರಲಿಲ್ಲ. ನಾಳೆಯದು ಬಿಟ್ಟು ಅದರ ಮುಂದಿನ ಸೋಮವಾರ, ೨೨ನೇ ತಾರೀಕು, ಬೆಳಿಗ್ಗೆ ಹತ್ತಕ್ಕೆ ಲೋಡಿಂಗ್ ಕಟ್ಟೆಯ ಮೇಲೆ ಎಲ್ಲರನ್ನೂ ಸೇರಿಸಲು ಮ್ಯಾನೇಜರನ್ನು ಒಪ್ಪಿಸಿದ್ದೇನೆ. ಹಳೆಯ ವರದಿ ತಪ್ಪು, ತಪ್ಪು ನನ್ನದು ಎಂದು ಬರೆದುಕೊಟ್ಟಾಗಿದೆ; ಅಂದು ಬಾಯಿಬಿಟ್ಟೂ ಹೇಳುತ್ತೇನೆ. ಕೆಲಸದಿಂದ ತೆಗೆದರೆ ತೆಗೆಯಲಿ. ಬಾ ಎಂದು ಕರೆಯುವ ಮುಖ ನನಗಿಲ್ಲ. ಬಂದರೆ ಹಿಂದೆ ನಿಲ್ಲಬೇಡ, ಎಲ್ಲರಿಗೂ ಕಾಣುವಂತೆ ಮುಂದೆ ನಿಲ್ಲು. ಬರದಿದ್ದರೂ ನಾನು ಹೇಳುತ್ತೇನೆ.