ಶಾರ್ಟ್ಲಿ ಮತ್ತು ಬಚ್ಚಲ ಬಾಗಿಲು

೪ ಜೂನ್ ೧೯೭೨, ವಾಡಿ

ಮತ್ತೆ ಮೈಕ್ ಡ್ಯೂಟಿ. ರಾಯಚೂರು ಪ್ಯಾಸೆಂಜರ್ ಲೇಟು. ಎಷ್ಟು ಲೇಟು ಅಂತ ದೇವರಿಗೂ ಗೊತ್ತಿಲ್ಲ. ಹೊಸ ಸ್ಟೇಷನ್ ಮಾಸ್ತರ್ ಹಣಮಂತರಾಯರು ಉಪಾಯ ಹೇಳಿಕೊಟ್ಟರು— "ದೇವಿಂದ್ರಪ್ಪಾ, ಟೈಮ್ ಹೇಳಬ್ಯಾಡ. ಶಾರ್ಟ್ಲಿ ಅನ್ನು. ಮಂದಿ ತಣ್ಣಗಾಗ್ತಾರ." ಅಂದೆ. ತಣ್ಣಗಾದರು. ಗಾಡಿ ಬಂದದ್ದು ನನ್ನ ಊಟ, ನಿದ್ದೆ ಎರಡೂ ಆದ ಮೇಲೆ. ಎಂಥಾ ಶಬ್ದ ಈ ಶಾರ್ಟ್ಲಿ!

೯ ಜೂನ್

ಹೈಸ್ಕೂಲಿನ ಇಂಗ್ಲಿಷ್ ಮಾಸ್ತರ ಅಮೀರ್ ಅಲಿಯವರನ್ನು ಆ ಶಬ್ದದ ಅರ್ಥ ಕೇಳಿದೆ. ಡಿಕ್ಷನರಿ ತೆರೆದರು. "ಶಾರ್ಟ್ ಅಂದ್ರ ಗಿಡ್ಡ. ಅದರಿಂದ ಹುಟ್ಟಿದ ಮಾತು. ಸ್ವಲ್ಪೇ ಹೊತ್ತಿನಾಗ ಅಂತ ಅರ್ಥ ನೋಡ್ರಿ." ಗಿಡ್ಡನಿಗೆ ಹುಟ್ಟಿದ ಮಗ ಇಷ್ಟುದ್ದ ಹೇಗಾದ? ಯೋಚಿಸುತ್ತಾ ಮನೆಗೆ ಬಂದೆ.

ನಮ್ಮ ಕ್ವಾರ್ಟರ್ಸಿನ ಬಚ್ಚಲಿಗೆ ಬಾಗಿಲಿಲ್ಲ. ಗೋಣಿ ಪರದೆ. ಹಿಂದೆಯೇ ಹಳಿ. ನನ್ನ ಹೆಂಡತಿ ಸುಂದರಬಾಯಿ ಗಾಡಿ ಹೋದ ಮೇಲೆಯೇ ಸ್ನಾನಕ್ಕೆ ಕೂರುವುದು. ಸಂಜೆ ಮತ್ತೆ ಕೇಳಿದಳು— "ಬಾಗಲಾ ಯಾವಾಗ ಹಚ್ಚಿಸ್ತೀರಿ?" "ಶಾರ್ಟ್ಲಿ" ಅಂದೆ. ಇಂಗ್ಲಿಷ್ ಕೇಳಿ ಖುಷಿಯಾದಳು, ಪಾಪ.

೨೦ ಜೂನ್

ಈಗ ಅವಳಿಗೂ ಆ ಶಬ್ದದ ಮರ್ಮ ಗೊತ್ತಾಗಿದೆ. ಮೈಕ್ ಮನೆವರೆಗೂ ಕೇಳುತ್ತದೆ. "ನೀವು ಶಾರ್ಟ್ಲಿ ಅಂದ್ರ ನಾ ನೀರು ಕಾಸಾಕ ಇಡ್ತೀನಿ. ಜಳಕ ಆಗ್ತದ, ರೊಟ್ಟಿ ಆಗ್ತದ, ಆಮ್ಯಾಲ ಗಾಡಿ ಬರ್ತದ." ಭೇಷ್! ಹಾಗಾದರೆ ಬಾಗಿಲು ಯಾಕೆ?

೨ ಜುಲೈ

ಬೆಳಿಗ್ಗೆ ಶಾರ್ಟ್ಲಿ ಅಂದೆ... ಅವಳು ನೀರು ಕಾಸಿ ಸ್ನಾನಕ್ಕೆ ಕೂತಳೋ ಇಲ್ಲವೋ, ಗಾಡಿ ಬಂದೇಬಿಟ್ಟಿತು! ಸಿಗ್ನಲ್ ಸಿಗದೆ ನಮ್ಮ ಬಚ್ಚಲ ಎದುರಿಗೇ ನಿಂತಿತು. ಗಾಳಿಗೆ ಗೋಣಿ ಹಾರಿತು. ಸುಂದರಬಾಯಿ ಹಂಡೆಯ ಹಿಂದೆ ಮುದುಡಿ ಕೂತಳು. ಗಾಡಿ ಕದಲಲಿಲ್ಲ. ಕಿಟಕಿಯಿಂದ ಒಬ್ಬ ಮುದುಕ ಕೇಳಿದನಂತೆ— "ಅವ್ವಾ, ವಾಡಿ ಇದೇ ಏನು?"

ಮಧ್ಯಾಹ್ನವೇ ಟ್ರಂಕು ಹಿಡಿದು ತವರಿಗೆ, ನಾಲವಾರಕ್ಕೆ, ಹೊರಟುಹೋದಳು. ನನ್ನ ಕಡೆ ತಿರುಗಿಯೂ ನೋಡಲಿಲ್ಲ.

೧೦ ಜುಲೈ

ಅನ್ನ ಸೀದಿತು. ನಿನ್ನೆಯದೂ ಸೀದಿತ್ತು. ಯಾವಾಗ ಬರುತ್ತೀ ಅಂತ ಗಾರ್ಡ್ ಮಜೀದಸಾಬರ ಹತ್ತಿರ ಕೇಳಿ ಕಳಿಸಿದ್ದೆ. ನಗುತ್ತಾ ಬಂದರು. "ಶಾರ್ಟ್ಲಿ ಅಂತ ಹೇಳ್ರಿ ಅಂದ್ಳಪಾ ನಿನ್ನ ಹೇಂತಿ." ಆ ಶಬ್ದದ ಅರ್ಥ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅವಳಿಲ್ಲದೆ ಮನೆ ಬಿಕೋ ಅನ್ನುತ್ತಿದೆ.

೧೧ ಜುಲೈ

ಬಡಿಗ ಖಾಜಾಮಿಯಾನ ಬಳಿ ಓಡಿದೆ. ಬಾಗಿಲು ಯಾವಾಗ ಕೊಡ್ತೀ? ತಲೆ ಎತ್ತದೆ ಅಂದ— "ಶಾರ್ಟ್ಲಿ, ಸಾಹೇಬ್ರ. ದಿನಾ ನೀವೇ ಹೇಳ್ತೀರಲ್ಲ ಮೈಕಿನ್ಯಾಗ." ಅಲ್ಲೇ ಕುಕ್ಕರುಗಾಲಲ್ಲಿ ಕೂತೆ. ಬಾಗಿಲು ಕೈಗೆ ಬರುವವರೆಗೆ ಏಳಲಿಲ್ಲ.

೨೩ ಜುಲೈ

ಬಾಗಿಲು ಹಚ್ಚಿದ ಸುದ್ದಿ ನಾಲವಾರ ಮುಟ್ಟಿದೆ. ಇವತ್ತಿನ ಪ್ಯಾಸೆಂಜರಿಗೆ ಬರುತ್ತಾಳಂತೆ. ಗಾಡಿ ಲೇಟು! ಮೈಕ್ ಹಿಡಿದೆ. ಆ ಶಬ್ದ ನಾಲಿಗೆಗೆ ಬಂತು, ಹೊರಗೆ ಬರಲಿಲ್ಲ. "ಗಾಡಿ ಯಾವಾಗ ಬರ್ತದ ನನಗೂ ಗೊತ್ತಿಲ್ರಿ. ನಾನೂ ಕಾಯಾಕತ್ತೀನಿ" ಅಂದುಬಿಟ್ಟೆ. ಹಣಮಂತರಾಯರು ಕೆಂಡವಾದರು. ಪ್ಲಾಟ್‌ಫಾರ್ಮಿನವರು ಯಾರೋ ಚಹಾ ತಂದುಕೊಟ್ಟರು.

ಅದೇ ದಿನ, ಸಂಜೆ

ಬಂದಳು. ಬಚ್ಚಲ ಬಾಗಿಲು ತಟ್ಟಿ ನೋಡಿದಳು. ತೆರೆದಳು, ಮುಚ್ಚಿದಳು. ನಕ್ಕಳು. ಹೋದ ಜೀವ ಬಂತು ನನಗೆ. ಆಮೇಲೆ ಒಳಗಿನಿಂದ ಕೂಗಿದಳು— "ರೀ, ಚಿಲಕ ಎಲ್ಲಿ ಅದ?"

ಚಿಲಕ! "ಅದೂ ಶಾರ್—" ಅಂದೆ.

ಹೊರಗೆ ಬಂದು ಟ್ರಂಕಿನ ಹಿಡಿಕೆ ಹಿಡಿದು ನಿಂತಿದ್ದಾಳೆ. ಖಾಜಾಮಿಯಾನ ಅಂಗಡಿ ಇನ್ನೂ ತೆರೆದಿರಬೇಕು. ಒಂದೇ ಓಟಕ್ಕೆ ಹೋಗಿ—