ಕೊರಿಯ ಯಾಕೆ ಕೆಳಗೆ?

ಯೀವು, ಚೀನ
ಅಕ್ಟೋಬರ್ 9, 2023

ಫರಂಗಿಪೇಟೆಯ ಶಾಫಿ ಭಾವನಿಗೆ ಸಲಾಂ.

ಇಲ್ಲಿ ವಾಟ್ಸಾಪ್ ತೆರೆಯುವುದಿಲ್ಲ, ಅದಕ್ಕೇ ಈ ಕಾರ್ಡ್. ಮೀಲಾದ್ ಹಬ್ಬದ ಮಕ್ಕಳ ಸ್ಪರ್ಧೆಗಳಲ್ಲಿ ನಿಮ್ಮ ಮಗಳು ಆಫ್ರಾಳಿಗೆ ಮೊದಲ ಬಹುಮಾನ ಹೆಚ್ಚು, ನನ್ನ ಮಗಳು ಜಸ್ನಾಳಿಗೆ ಒಟ್ಟು ಬಹುಮಾನ ಹೆಚ್ಚು. ಚಾಂಪಿಯನ್ ಯಾರೆಂದು ತೀರ್ಮಾನವಾಗದೆ ಕಪ್ಪನ್ನು ನೀವು ನಿಮ್ಮ ಅಂಗಡಿಯ ಕಪಾಟಿನಲ್ಲಿಟ್ಟು, "ಚೀನದಲ್ಲಿ ಏಷ್ಯನ್ ಗೇಮ್ಸ್ ಉಂಟಲ್ಲ, ಅಲ್ಲಿ ಹೇಗೆ ಲೆಕ್ಕ ಹಾಕ್ತಾರೆ ನೋಡಿ ಹೇಳು ಮಾರಾಯ, ಅಲ್ಲಿವರೆಗೆ ಯಾರಿಗೂ ಇಲ್ಲ" ಎಂದಿದ್ದಿರಿ.

ನೋಡಿದೆ. ನಿನ್ನೆ ಮಾರುಕಟ್ಟೆಯ ಟಿವಿಯಲ್ಲಿ ಕೊನೆಯ ಪಟ್ಟಿ ಬಂತು. ಕೊರಿಯಕ್ಕೆ ಒಟ್ಟು 190 ಪದಕ, ಜಪಾನಿಗೆ 188. ಆದರೂ ಜಪಾನ್ ಎರಡನೆಯದು, ಕೊರಿಯ ಮೂರನೆಯದು! ಚಿನ್ನ ಹೆಚ್ಚಿದ್ದವರು ಮೇಲೆ, ಬೆಳ್ಳಿ ಕಂಚು ರಾಶಿ ಬಿದ್ದಿದ್ದರೂ ಆಮೇಲಿನ ಮಾತು. ನಮ್ಮ ಶಾಲೆಗಳ ಹಾಗೆ ಐದು, ಮೂರು, ಒಂದು ಎಂಬ ಅಂಕವೇ ಇಲ್ಲ. ಪಕ್ಕದಲ್ಲಿ ಅಂಗಿಯ ಗುಂಡಿ ಕೊಳ್ಳಲು ಬಂದ ಕೊರಿಯದ ವ್ಯಾಪಾರಿಯೊಬ್ಬನಿದ್ದ. "ಇದು ಅನ್ಯಾಯ ಅಲ್ವಾ?" ಎಂದು ನನ್ನ ಮೊಬೈಲಿನಿಂದಲೇ ತರ್ಜುಮೆ ಮಾಡಿಸಿ ಕೇಳಿದೆ. ಅವನು ನಕ್ಕು ಏನೋ ಹೇಳಿದ. "ದುಃಖವಿದೆ. ಆದರೆ ನಿಯಮವು ಆಟಕ್ಕೆ ಮೊದಲೇ ತಿಳಿದಿತ್ತು" ಎಂದಿತು ಮೊಬೈಲು.

ಕಪ್ ಆಫ್ರಾಳಿಗೇ ಕೊಟ್ಟುಬಿಡಿ. ಜಸ್ನಾಳಿಗೆ ನಾನೇ ಬಂದು ಹೇಳುತ್ತೇನೆ, ಅವಳು ನನ್ನಲ್ಲಿ ಮಾತು ಬಿಟ್ಟರೂ ಸರಿ. ಮುಂದಿನ ವರ್ಷ ನಿಯಮವನ್ನು ಮೊದಲೇ ಮೈಕಿನಲ್ಲಿ ಹೇಳುವ.

ಇಲ್ಲಿ ಕುಡಿಯಲು ಬಿಸಿನೀರನ್ನೇ ಕೊಡುತ್ತಾರೆ, ಹೊಟ್ಟೆ ಸರಿ ಉಂಟು ಎಂದು ತಂಗಿ ಝೈನಬ್‌ಗೆ ತಿಳಿಸಿ.

ಜಸ್ನಾಳಿಗೊಂದು ಕಪ್ ಕೊಳ್ಳುವ ಎಂದು ಅಂಗಡಿಗೆ ಹೋದರೆ, ಡಜನಿಗಿಂತ ಕಡಿಮೆ ಮಾರುವುದಿಲ್ಲವಂತೆ. ಡಜನೇ ಕಟ್ಟಿಸಿದ್ದೇನೆ. ಉಳಿದ ಹನ್ನೊಂದಕ್ಕೆ ಮಕ್ಕಳನ್ನು ನೀವು ಹುಡುಕಿಡಿ.

ಇಲ್ಯಾಸ್